ಮೀಸೆಗೆ ತಾಗಿದ ಮಣ್ಣು

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಸೋತ ಮೇಲೂ ಸೋಲನ್ನೊಪ್ಪದ ಮನುಷ್ಯನನ್ನು ಕುರಿತು, ಅವನು ಕುಸ್ತಿಯವನೇ ಆಗಿರಲಿ ಊರ ಪಂಚಾಯಿತಿಯವನೇ ಆಗಿರಲಿ, ಜನ ಈ ಮಾತನ್ನಾಡಿ ನಕ್ಕು ಮುಂದೆ ಹೋಗುವರು. ಆದರೆ ಗರಡಿಯ ಮಣ್ಣನ್ನು ಒಂದಿಷ್ಟಾದರೂ ಮೈಗೆ ಹತ್ತಿಸಿಕೊಂಡವನಿಗೆ ಇದು ಬರಿಯ ನಗೆಯ ಮಾತಾಗಿ ಕೇಳಿಸುವುದಿಲ್ಲ. ಜಟ್ಟಿಯೆಂಬವನು ಕಾದುವವನು ಮಾತ್ರವಲ್ಲ, ವಯಸ್ಸು ತಿರುಗಿದ ಮೇಲೆ ಬಹುಮಟ್ಟಿಗೆ ಕಲಿಸುವವನೂ ಹೌದು. ಅವನ ಮೀಸೆಯನ್ನೇ ನೋಡುತ್ತ ಮಣ್ಣಿನ ಅಂಚಿನಲ್ಲಿ ಹತ್ತು ಹನ್ನೆರಡು ಹುಡುಗರು ನಿಂತಿರುತ್ತಾರೆ. ಅವರ ಮುಂದೆ ಅವನು ಮಣ್ಣಾಗಲಿಲ್ಲವೆಂದನೆಂದರೆ, ನೀವು ಕಣ್ಣಾರೆ ಕಂಡುದನ್ನು ನಂಬಬೇಡಿರೆಂದು ಪಾಠ ಹೇಳಿದ ಹಾಗಾಯಿತು. ತನ್ನ ಕಣ್ಣನ್ನೇ ನಂಬದಿರಲು ಕಲಿತ ಹುಡುಗ ನಾಳೆ ಎದುರಾಳಿಯ ಹೆಜ್ಜೆಯನ್ನು ಹೇಗೆ ನೋಡಿಯಾನು?

ಮಾಲೂರು ತಾಲ್ಲೂಕಿನ ಮಾಸ್ತಿಯ ಸುತ್ತಿನ ಹಳ್ಳಿಗಳಲ್ಲಿ ಬೆಳೆದವನು ನಾನು. ಮಾಸ್ತಿಯೆಂದೊಡನೆ ಕನ್ನಡಿಗರಿಗೆ ಊರಿಗಿಂತ ಮೊದಲು ನೆನಪಾಗುವವರು ವೆಂಕಟೇಶ ಅಯ್ಯಂಗಾರ್ಯರು; ಅದು ಸಹಜವೇ. ಊರಿಗೆ ಆ ಹೆಸರು ಬಂದುದು ಮಾತ್ರ ಮಹಾಸತಿಯರ ಕಲ್ಲುಗಳಿಂದ. ಆ ಕಲ್ಲುಗಳಂತೆಯೇ ವೀರಗಲ್ಲುಗಳೂ ಕೋಲಾರದ ಸೀಮೆಯಲ್ಲಿ ಕೆರೆಯ ಏರಿಗಳ ಮೇಲೆ, ಹೊಲದ ಬದುಗಳಲ್ಲಿ, ಗುಡಿಯ ಹಿಂದಣ ಹುಣಿಸೆಯ ನೆರಳಿನಲ್ಲಿ ಬೇಕಾದಷ್ಟಿವೆ. ತುರುಗಳನ್ನು ಬಿಡಿಸಲು ಹೋಗಿ ಮಡಿದವನು, ಊರಿನ ಮೇಲೆ ಬಂದ ದಂಡನ್ನು ತಡೆಯಲು ಹೋಗಿ ಬಿದ್ದವನು, ಅಲ್ಲಿ ಕತ್ತಿ ಹಿಡಿದು ನಿಂತಿರುತ್ತಾನೆ. ಬರಹವಿದ್ದರೆ ಅವನ ಹೆಸರಿರುತ್ತದೆ, ಅವನ ಒಡೆಯನ ಹೆಸರಿರುತ್ತದೆ. ಅವನಿಗೆ ಕತ್ತಿ ಹಿಡಿಯುವುದನ್ನು ಕಲಿಸಿದವನ ಹೆಸರನ್ನು ಮಾತ್ರ ನಾನು ನೋಡಿದ ಯಾವ ಕಲ್ಲಿನಲ್ಲಿಯೂ ಕಂಡಿಲ್ಲ. ಕಲಿಸಿದವನು ಸರಿಯಾಗಿ ಕಲಿಸಿದ್ದನೆ, ಎಡಗಡೆಯ ಕಾವಲನ್ನು ಹೇಳಿಕೊಡುವುದಕ್ಕೆ ಮರೆತಿದ್ದನೆ ಎಂಬ ಪ್ರಶ್ನೆ ಆ ಕಲ್ಲುಗಳ ಮುಂದೆ ನಿಂತಾಗಲೆಲ್ಲ ನನ್ನಲ್ಲಿ ಏಳುತ್ತದೆ. ಶಾಸ್ತ್ರವನ್ನು ಹೇಳಿಕೊಡುವ ಗುರುವಿನ ತಪ್ಪು ಓಲೆಯಲ್ಲಿ ಉಳಿದು, ಮುಂದೆ ಎಂದಾದರೊಂದು ದಿನ ಇನ್ನೊಬ್ಬ ಪಂಡಿತನ ಕೈಯಲ್ಲಿ ತಿದ್ದುಪಡಿ ಹೊಂದುತ್ತದೆ. ಶಸ್ತ್ರವನ್ನು ಹೇಳಿಕೊಡುವವನ ತಪ್ಪು ಶಿಷ್ಯನ ಮೈಯಲ್ಲಿ ಉಳಿಯುತ್ತದೆ.

ಇದನ್ನು ನಾನು ಹುಡುಗನಾಗಿದ್ದಾಗಲೇ ಕಂಡೆ. ನಮ್ಮ ಹೋಬಳಿಯಲ್ಲಿ ಒಂದು ಗರಡಿಯಿತ್ತು. ಅದರ ಉಸ್ತಾದರು ಹಗಲೆಲ್ಲ ಗಾರೆಯ ಕೆಲಸ ಮಾಡಿ ಸಂಜೆಗೆ ಮಣ್ಣಿಗಿಳಿಯುತ್ತಿದ್ದ, ಐವತ್ತನ್ನು ದಾಟಿದ, ಎತ್ತರದ ಆಳು. ಎದುರಾಳಿಯ ತೋಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡು, ಸೊಂಟವನ್ನು ಅವನ ಹೊಟ್ಟೆಯಡಿಗೆ ಕೊಟ್ಟು, ಅಗಸನು ಬಟ್ಟೆಯನ್ನು ಕಲ್ಲಿಗೆ ಬಡಿಯುವಂತೆ ಮುಂದಕ್ಕೆ ಎತ್ತಿ ಹಾಕುವ ಧೋಬಿ ಪಟ್ಟೆಂಬುದೊಂದುಂಟಲ್ಲ, ಅದು ಅವರ ಹೆಮ್ಮೆಯ ಪಟ್ಟು. ಅವರು ಅದನ್ನು ಕಾಲನ್ನು ನೆಟ್ಟಗೆ ನಿಲ್ಲಿಸಿ, ತೋಳಿನ ಬಲದಿಂದಲೇ ಹಾಕುತ್ತಿದ್ದರು. ನಮಗೂ ಹಾಗೆಯೇ ಹೇಳಿಕೊಟ್ಟರು. ಗಿಡ್ಡಗಿದ್ದ ಹುಡುಗರಿಗೆ ಅದು ಬರಲಿಲ್ಲ. ಬರಲಿಲ್ಲವೆಂದರೆ ಸಾಮು ಸಾಲದೆಂದು ಇನ್ನೂ ಐವತ್ತು ಬಸ್ಕಿ ಹೊಡೆಸುತ್ತಿದ್ದರು. ಒಬ್ಬ ಹುಡುಗನ ಹೆಗಲಿನ ಕೀಲು ತಪ್ಪಿತು. ಅವನು ಗರಡಿಯನ್ನು ಬಿಟ್ಟ.

ಅದಾದ ಎರಡು ವರ್ಷಕ್ಕೆ, ಜಾತ್ರೆಯ ಕುಸ್ತಿಗೆಂದು ಮೈಸೂರಿನ ಕಡೆಯಿಂದ ಬಂದಿದ್ದ ಒಬ್ಬ ಹುಡುಗ, ಇಪ್ಪತ್ತು ತುಂಬಿತ್ತೋ ಇಲ್ಲವೋ, ಗರಡಿಗೆ ಬಂದು ನಮಸ್ಕಾರ ಮಾಡಿ ಮಣ್ಣಿಗಿಳಿದ. ಉಸ್ತಾದರು ಅವನೊಡನೆ ತಾವೇ ಕೈ ಕೂಡಿಸಿದರು. ಹುಡುಗ ಮೊಣಕಾಲನ್ನು ಚೆನ್ನಾಗಿ ಬಗ್ಗಿಸಿ ಅವರ ಕೆಳಗೆ ನುಸುಳಿ, ಅವರದೇ ಪಟ್ಟನ್ನು ಅವರ ಮೇಲೆ ಹಾಕಿದ. ನಮ್ಮ ಉಸ್ತಾದರ ಎರಡು ಹೆಗಲೂ ಮಣ್ಣಿಗೆ ತಾಗಿದವು. ನಾವು ಉಸಿರು ಬಿಗಿಹಿಡಿದು ನಿಂತೆವು. ಅವರು ಎದ್ದರು, ಮೀಸೆಯನ್ನು ಒರೆಸಿಕೊಳ್ಳಲಿಲ್ಲ. “ಇನ್ನೊಂದ್ಸಲ ಹಾಕಪ್ಪ, ಗೊತ್ತಾಗ್ಲಿಲ್ಲ” ಎಂದರು. ಎರಡನೆಯ ಸಲವೂ ಬಿದ್ದರು. ಮೂರನೆಯ ಸಲ ಬೀಳುವಾಗ ಅವರ ಕಣ್ಣು ಹುಡುಗನ ಮೊಣಕಾಲಿನ ಮೇಲೆಯೇ ನೆಟ್ಟಿತ್ತು. ಆಮೇಲೆ ನಮ್ಮ ಕಡೆಗೆ ತಿರುಗಿ, “ಇಷ್ಟು ವರ್ಸ ನಿಮಗೆ ತಪ್ಪು ಹೇಳ್ಕೊಟ್ಟಿದೀನಿ ಕಣ್ರೋ. ನಾನು ಎತ್ತರದವನು, ನಂಗೆ ಹೆಂಗೋ ನಡೀತಿತ್ತು. ನಾಳೆಯಿಂದ ಇವನು ಹಾಕ್ದಂಗೆ ಹಾಕಿ” ಎಂದರು.

ಇಷ್ಟನ್ನು ಹೇಳಿದ ಮೇಲೆ ಗರಡಿಯ ರಚನೆಯನ್ನು ಕುರಿತು ಎರಡು ಮಾತು ಹೇಳಬೇಕು. ಏಕೆಂದರೆ ಉಸ್ತಾದರ ಆ ನಡತೆ ಅವರೊಬ್ಬರ ಸ್ವಭಾವದಿಂದಲೇ ಬಂದುದಲ್ಲ. ಹಳೆಯ ಗರಡಿಗಳ ಬಾಗಿಲು ಗಿಡ್ಡಗಿರುತ್ತದೆ. ಎಂಥ ಪೈಲ್ವಾನನೂ ತಲೆಯನ್ನು ತಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಮಟ್ಟಿ, ಎಂದರೆ ಕಾದುವ ಮಣ್ಣಿನ ಅಂಕಣ. ಅದರ ಕೆಮ್ಮಣ್ಣಿಗೆ ಅರಿಸಿನ, ಕುಂಕುಮ, ಕರ್ಪೂರ, ಎಣ್ಣೆ ಮೊದಲಾದುವನ್ನು ಬೆರೆಸಿ, ಗುದ್ದಲಿಯಿಂದ ಅಗೆದು, ಹೂವಿನ ಹಾಗೆ ಮೆತ್ತಗೆ ಮಾಡಿಟ್ಟಿರುತ್ತಾರೆ. ಗೋಡೆಯ ಗೂಡಿನಲ್ಲಿ ಆಂಜನೇಯ. ಮೂಲೆಯಲ್ಲಿ ಗದೆ, ಕಲ್ಲಿನ ಗುಂಡುಗಳು. ಆ ಮಣ್ಣನ್ನು ಅಗೆಯುವಾಗ ಹಿರಿಯ ಕಿರಿಯನೆಂಬ ಭೇದವಿಲ್ಲ. ಇಳಿಯುವಾಗ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದರಲ್ಲಿ ಗುರು ಶಿಷ್ಯರೆಂಬ ಭೇದವೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿನ ತೀರ್ಪಿಗೆ ವ್ಯಾಖ್ಯಾನ ಬೇಕಿಲ್ಲ. ಬೆನ್ನಿಗೆ ಮಣ್ಣು ಮೆತ್ತಿದವನು ಚಿತ್ತಾದನು; ಅದನ್ನು ನಿನ್ನೆ ಸೇರಿದ ಹುಡುಗನೂ ಕಾಣಬಲ್ಲ. ವೈಯಾಕರಣನು ಸೋತರೆ ಸೋತನೆಂದು ತಿಳಿಯುವುದಕ್ಕೆ ಇನ್ನೊಬ್ಬ ವೈಯಾಕರಣನೇ ಬೇಕು.

ಈ ವಿದ್ಯೆಗೆ ಇನ್ನೊಂದು ಕಠಿಣವಾದ ನಿಯಮವುಂಟು. ಸಂಗೀತಗಾರನಿಗೆ ಅರವತ್ತರಲ್ಲಿ ರಾಗ ಹಣ್ಣಾಗುತ್ತದೆ; ವೈದ್ಯನಿಗೆ ಎಪ್ಪತ್ತರಲ್ಲಿ ನಾಡಿ ಹೆಚ್ಚು ಮಾತನಾಡುತ್ತದೆ. ಕುಸ್ತಿಯವನ ಮೈ ಮೂವತ್ತರ ಆಚೆಗೆ ಇಳಿಮುಖವಾಗುತ್ತದೆ. ಅವನು ಗುರುವಾಗುವುದೋ ನಲವತ್ತರ ಮೇಲೆ. ಎಂದರೆ, ಮಣ್ಣನ್ನು ಬಿಡದೆ ಕಲಿಸುವ ಪ್ರತಿಯೊಬ್ಬ ಉಸ್ತಾದನೂ ತನ್ನ ಸೋಲನ್ನು ತಾನೇ ಹಾಲು ಬಾದಾಮಿ ಕುಡಿಸಿ ಬೆಳೆಸುತ್ತಿದ್ದಾನೆ; ಒಂದು ದಿನ ಅದು ತನ್ನ ಶಿಷ್ಯನ ರೂಪದಲ್ಲಿ ಎದುರು ನಿಲ್ಲುತ್ತದೆ. ಈ ದಿನವನ್ನು ತಪ್ಪಿಸಿಕೊಳ್ಳುವ ದಾರಿ ಒಂದಿದೆ: ಮಣ್ಣಿನಿಂದ ಮೇಲಕ್ಕೆ ಬಂದು, ಕಟ್ಟೆಯ ಮೇಲೆ ಕುಳಿತು, ಕೈಯ ಕೆಲಸವನ್ನು ಬಾಯಿಗೆ ಒಪ್ಪಿಸುವುದು. ವಯಸ್ಸಾದವರು ಕಟ್ಟೆಯಲ್ಲಿ ಕೂಡಬಾರದೆಂದು ನಾನು ಹೇಳುತ್ತಿಲ್ಲ. ಮುಪ್ಪಿನ ಕಣ್ಣು ಎಳೆಯ ತೋಳಿಗೆ ಕಾಣದುದನ್ನು ಕಾಣುತ್ತದೆ, ಅದೂ ಬೇಕು. ಆದರೆ ಕಟ್ಟೆಗೆ ಏರಿದ ದಿನದಿಂದ ತನ್ನ ತಪ್ಪನ್ನು ತನಗೆ ತೋರಿಸುವ ಮಣ್ಣು ಇಲ್ಲವಾಯಿತೆಂಬುದನ್ನು ಅಂಥವನು ನೆನಪಿನಲ್ಲಿಡಬೇಕು, ಇಡುವವರು ವಿರಳ.

ನಮ್ಮ ನಾಡಿನಲ್ಲಿ ಇದು ಇಂದು ನಿನ್ನೆಯ ವಿದ್ಯೆಯಲ್ಲ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ, ಮಲ್ಲರನ್ನು ಅವನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ಮೂರು ತರಗತಿಗಳಾಗಿ ವಿಂಗಡಿಸುತ್ತಾನೆ. ಜಟ್ಟಿ ಎಂಬ ನಮ್ಮ ಮಾತು ಜ್ಯೇಷ್ಠಿಯೆಂಬುದರ ಬಳಿಯದು. ಮೈಸೂರಿನಲ್ಲಿ ವಿಜಯದಶಮಿಯ ದಿನ ಅರಮನೆಯ ತೊಟ್ಟಿಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ನಡೆಯುತ್ತದೆ. ತಲೆಯನ್ನು ಬೋಳಿಸಿಕೊಂಡ ಇಬ್ಬರು ಕೈಬೆರಳುಗಳಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟು ನಿಲ್ಲುವರು. ಒಬ್ಬನ ತಲೆಯಲ್ಲಿ ಮೊದಲ ರಕ್ತಬಿಂದು ಕಂಡೊಡನೆಯೇ ಕಾಳಗ ಮುಗಿಯುತ್ತದೆ. ಇದನ್ನು ಕ್ರೌರ್ಯವೆಂದು ನೋಡುವವರುಂಟು. ಪಕ್ಕದಲ್ಲಿ ನಿಂತ ಹಿರಿಯರು ಒಂದೇ ಹನಿಗೆ ಕೈ ಎತ್ತಿ ನಿಲ್ಲಿಸುವ ಆ ಕ್ಷಣವನ್ನು ನೋಡಿದರೆ, ಎಲ್ಲಿ ಸಾಕೆನ್ನಬೇಕೆಂಬುದೇ ಆ ವಿದ್ಯೆಯ ತಿರುಳೆಂದು ನನಗೆ ತೋರುತ್ತದೆ.

ಕೋಲಾರದವರಿಗೆ ಶಸ್ತ್ರಗುರುವೆಂದರೆ ಮೊದಲು ನೆನಪಾಗಬೇಕಾದವನು ಪರಶುರಾಮ. ಅಂತರಗಂಗೆಯ ತೀರ್ಥವಿರುವ ಶತಶೃಂಗ ಪರ್ವತದ ಮೇಲೆ ಅವನ ಕಥೆ ಹಬ್ಬಿದೆ. ಕಾರ್ತವೀರ್ಯಾರ್ಜುನನನ್ನು ಅವನು ಕೊಂದ ಕಾಳಗದ ಕೋಲಾಹಲದಿಂದಲೇ ಊರು ಕೋಲಾಹಲಪುರವಾಯಿತೆಂದು ಸ್ಥಳಪುರಾಣ ಹೇಳುತ್ತದೆ. ನಮ್ಮ ಹಿರಿಯರು ಈ ಕಥೆಯನ್ನು ಹೇಳುವಾಗ ಕೊಡಲಿಯ ವರ್ಣನೆಗೇ ಹೆಚ್ಚು ಹೊತ್ತನ್ನು ಕೊಡುತ್ತಿದ್ದರು. ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಕಡೆ. ಮಹಾಭಾರತದ ಉದ್ಯೋಗಪರ್ವದಲ್ಲಿ ಅಂಬೆಯ ಮೊರೆಯನ್ನು ಕೇಳಿ ಪರಶುರಾಮನು ತನ್ನ ಶಿಷ್ಯನಾದ ಭೀಷ್ಮನೊಡನೆ ಕಾದಲು ಕುರುಕ್ಷೇತ್ರಕ್ಕೆ ಬರುತ್ತಾನೆ. ಇಪ್ಪತ್ತಮೂರು ದಿನ ಗುರು ಶಿಷ್ಯರು ಹೋರಾಡುತ್ತಾರೆ. ಗುರು ಮೂರ್ಛೆ ಹೋಗುತ್ತಾನೆ, ಶಿಷ್ಯನೂ ಮೂರ್ಛೆ ಹೋಗುತ್ತಾನೆ. ಕೊನೆಗೆ ಪಿತೃಗಳು ಬಂದು ಬೇಡಲು ಪರಶುರಾಮನು ಬಿಲ್ಲನ್ನಿಳುಹುತ್ತಾನೆ. ಭೀಷ್ಮನು ಕಾಲಿಗೆರಗಿದಾಗ, ನಿನಗೆ ಸಮನಾದ ಕ್ಷತ್ರಿಯನು ಭೂಮಿಯಲ್ಲಿ ಇಲ್ಲವೆಂದು ನಗುತ್ತ ಹೇಳಿ, ನಂಬಿ ಬಂದ ಅಂಬೆಯನ್ನು ಕರೆದು, ನನ್ನ ಶಕ್ತಿ ಇಷ್ಟೇ, ಇದಕ್ಕಿಂತ ಹೆಚ್ಚಿನದು ನನ್ನಲ್ಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಇಪ್ಪತ್ತೊಂದು ಸಲ ಭೂಮಂಡಲವನ್ನು ಸುತ್ತಿ ಕ್ಷತ್ರಿಯರನ್ನು ಕೊಂದವನ ಬಾಯಿಂದ ಬಂದ ಮಾತಿದು. ಅವನ ಕೊಡಲಿಗಿಂತ ಈ ಮಾತು ನನಗೆ ದೊಡ್ಡದಾಗಿ ಕಾಣುತ್ತದೆ.

ಅದೇ ಪರಶುರಾಮನು ಕರ್ಣನ ವಿಷಯದಲ್ಲಿ ಬೇರೆಯವನಾದನು. ತೊಡೆಯನ್ನು ಹುಳು ಕೊರೆದರೂ ಗುರುವಿನ ನಿದ್ದೆ ಕೆಡದಿರಲೆಂದು ಅಲುಗಾಡದೆ ಕುಳಿತ ಶಿಷ್ಯನ ಕಥೆ ಎಲ್ಲರಿಗೂ ತಿಳಿದದ್ದು. ತಾನು ಮೋಸಹೋದೆನೆಂಬುದನ್ನು ತಾಳಲಾರದೆ, ಕಲಿತ ವಿದ್ಯೆ ಬೇಕಾದ ಹೊತ್ತಿಗೆ ಮರೆತುಹೋಗಲೆಂದು ಗುರು ಶಪಿಸಿದನು. ಕರ್ಣನು ಸುಳ್ಳು ಹೇಳಿದ್ದು ತಪ್ಪೇ. ಆದರೆ ದಿನದಿನವೂ ತನ್ನ ಕಣ್ಣೆದುರಿಗಿದ್ದ ಹುಡುಗನ ಧೈರ್ಯ ಎಂಥದೆಂದು ಇಷ್ಟು ದಿನ ಕಾಣದಿದ್ದವನು ಗುರುವೇ ಅಲ್ಲವೆ? ಆ ಕಾಣದಿರುವಿಕೆಯ ದಂಡವನ್ನು ಶಿಷ್ಯನೊಬ್ಬನೇ ತೆತ್ತನು. ದ್ರೋಣನ ಕಥೆ ಇದಕ್ಕಿಂತಲೂ ಸಂಕಟದ್ದು. ಅವನು ಏಕಲವ್ಯನಿಗೆ ಕಲಿಸಿದ್ದು ಒಂದು ಅಕ್ಷರವೂ ಇಲ್ಲ, ಕೇಳಿದ್ದು ಬಲಗೈಯ ಹೆಬ್ಬೆರಳು.

ಕನ್ನಡಿಗರು ಈ ಎರಡು ತಪ್ಪುಗಳನ್ನು ಮರೆಯಲು ಬಿಡಲಿಲ್ಲವೆಂಬುದು ನನಗೆ ಹೆಮ್ಮೆಯ ವಿಷಯ. ಕುವೆಂಪು ಅವರು ‘ಬೆರಳ್‌ಗೆ ಕೊರಳ್’ ಎಂದು ನಾಟಕವನ್ನೇ ಬರೆದು ಬೆರಳನ್ನು ಕೇಳಿದ ಗುರುವಿನಿಂದ ಅದರ ಲೆಕ್ಕವನ್ನು ಕೇಳಿದರು. ಕೈಲಾಸಂ ಅವರು ಇಂಗ್ಲಿಷಿನಲ್ಲಿ ಏಕಲವ್ಯನನ್ನೂ ಕರ್ಣನನ್ನೂ ಕುರಿತು ನಾಟಕಗಳನ್ನು ರಚಿಸಿದರು. ಅವರ ಏಕಲವ್ಯನು ಗುರುವಿನ ಮಾತು ಸುಳ್ಳಾಗದಿರಲೆಂದು ತಾನಾಗಿಯೇ ಬೆರಳನ್ನು ಕತ್ತರಿಸಿಕೊಳ್ಳುತ್ತಾನೆ. ಈ ಕೈಲಾಸಂ ಅವರಿಗೆ ಬೆಂಗಳೂರಿನಲ್ಲಿ ಆಪ್ತವಾಗಿದ್ದ ತಾಣಗಳಲ್ಲೊಂದು ಒಂದು ವ್ಯಾಯಾಮಶಾಲೆ. ಅದನ್ನು ನಡೆಸುತ್ತಿದ್ದವರು ನಮ್ಮ ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ ಹುಟ್ಟಿದ ಕೆ. ವಿ. ಅಯ್ಯರ್. ಅವರು ಕುಸ್ತಿಯ ಉಸ್ತಾದರಲ್ಲ, ಅಂಗಸಾಧನೆಯ ಗುರುಗಳು; ಆದರೂ ಈ ಮಾತಿನಲ್ಲಿ ಅವರನ್ನು ಬಿಟ್ಟು ಮುಂದೆ ಹೋಗಲಾರೆ. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದಾಗ ತಮ್ಮ ದೇಹಸೌಷ್ಠವದ ವಿಷಯದಲ್ಲಿ ಅವರಿಗಿದ್ದ ಅಭಿಮಾನ ಸಣ್ಣದಲ್ಲ. ಅಂಚೆಯ ಮೂಲಕವೂ ಪಾಠಗಳನ್ನು ಕಳುಹಿಸುತ್ತಿದ್ದ ಅವರಲ್ಲಿ ಮೈಸೂರಿನ ಅರಮನೆಗೂ ವಿಶ್ವಾಸವಿತ್ತು. ಹೀಗೆ ಮೈಯ ಗುರುವಾಗಿ ಹೆಸರು ಪಡೆದವರು ಬಳಿಕ ಕನ್ನಡದಲ್ಲಿ ಕಾದಂಬರಿಕಾರರಾದರು. ‘ಶಾಂತಲಾ’, ‘ರೂಪದರ್ಶಿ’ಗಳು ಅವರವೇ. ಕಟ್ಟಿದ ತೋಳನ್ನು ಬಲ್ಲವರು ‘ರೂಪದರ್ಶಿ’ಯಲ್ಲಿ ರೂಪ ಕೆಡುವುದರ ವ್ಯಥೆಯನ್ನು ಬರೆದರು. ಒಂದು ವಿದ್ಯೆಯಲ್ಲಿ ಗುರುವೆನಿಸಿದವನು ನಡುವಯಸ್ಸಿನಲ್ಲಿ ಇನ್ನೊಂದು ವಿದ್ಯೆಯ ಬಾಗಿಲಲ್ಲಿ ಹೊಸಬನಾಗಿ ನಿಲ್ಲುವುದು, ಅಲ್ಲಿಯೂ ತಲೆ ತಗ್ಗಿಸಿ ಒಳಗೆ ಹೋಗುವುದು, ಗರಡಿಯಲ್ಲಿ ಪಳಗಿದವನಿಗೆ ಸುಲಭವಾಗಿ ಬರುತ್ತದೆಯೋ ಏನೋ.

ಜಪಾನು ದೇಶದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಜೂಡೊ ವಿದ್ಯೆಯನ್ನು ರೂಪಿಸಿ 1882ರಲ್ಲಿ ಟೋಕಿಯೊ ನಗರದ ಒಂದು ದೇವಾಲಯದಲ್ಲಿ ಕೊಡೊಕಾನ್ ಶಾಲೆಯನ್ನು ತೆರೆದ ಕಾನೊ ಜಿಗೊರೊ, ಆಗಿನ್ನೂ ಇಪ್ಪತ್ತೆರಡರ ಯುವಕ, ಇಯಿಕುಬೊ ಎಂಬ ಗುರುವಿನ ಬಳಿ ಕಿಟೊ ಸಂಪ್ರದಾಯದ ಎಸೆತಗಳನ್ನು ಕಲಿಯುತ್ತಿದ್ದ. ಗುರುವಿಗೆ ಐವತ್ತು ದಾಟಿತ್ತು. ಆದರೂ ಎಸೆಯುವುದರಲ್ಲಿ ಅವನ ಕೈಯೇ ಮೇಲಾಗಿತ್ತು. ಒಂದು ದಿನ ಅಭ್ಯಾಸದಲ್ಲಿ ಶಿಷ್ಯನು ಗುರುವನ್ನು ಮತ್ತೆ ಮತ್ತೆ ಕೆಡವಿದ. ಗುರುವಿಗೆ ಒಂದು ಸಲವೂ ಅವನನ್ನು ಕೆಡವಲಾಗಲಿಲ್ಲ. ಇದೇನೆಂದು ಗುರು ಕೇಳಿದಾಗ, ಎಸೆಯುವುದಕ್ಕೆ ಮೊದಲು ಎದುರಾಳಿಯ ಸಮತೋಲವನ್ನು ಕದಲಿಸಬೇಕೆಂಬ ತನ್ನ ಹೊಸ ಅರಿವನ್ನು ಶಿಷ್ಯ ವಿವರಿಸಿದ. ಇನ್ನು ನಿನಗೆ ಕಲಿಸುವುದು ನನ್ನಲ್ಲಿಲ್ಲವೆಂದು ಹೇಳಿ, ಇಯಿಕುಬೊ ಆ ಸಂಪ್ರದಾಯದ ಗ್ರಂಥಗಳನ್ನು ಅವನ ಕೈಗೆ ಒಪ್ಪಿಸಿದನು. ಕಾನೊ ಇದನ್ನು ತಾನೇ ನೆನಪಿಸಿಕೊಂಡು ಹೇಳಿದ್ದಾನೆ. ಅವನು ಆ ಋಣವನ್ನು ತೀರಿಸಿದ ಬಗೆಯೂ ಸೊಗಸಾದುದು: 1930ರಲ್ಲಿ, ಲೋಕಪ್ರಸಿದ್ಧನಾಗಿ ಎಪ್ಪತ್ತರ ಹೊಸ್ತಿಲಲ್ಲಿದ್ದಾಗ, ತನಗಿಂತ ಇಪ್ಪತ್ತಮೂರು ವರ್ಷ ಚಿಕ್ಕವನಾದ ಉಎಶಿಬಾ ಮೊರಿಹೆಯಿಯ ವಿದ್ಯೆಯನ್ನು ನೋಡಿ ಮೆಚ್ಚಿ, ಅದನ್ನು ಕಲಿತು ಬನ್ನಿರೆಂದು ತನ್ನ ಶಾಲೆಯ ಶಿಷ್ಯರನ್ನೇ ಅವನ ಬಳಿಗೆ ಕಳುಹಿಸಿಕೊಟ್ಟನು. ನನ್ನಲ್ಲಿ ಇಲ್ಲದುದು ಅಲ್ಲಿದೆಯೆಂದು ಶಿಷ್ಯರಿಗೆ ಹೇಳುವುದು ಬೀಳುವುದಕ್ಕಿಂತಲೂ ಕಷ್ಟ.

ಇಂದು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂಥ ಊರುಗಳಲ್ಲಿಯೂ ಹುಡುಗರಂತೆ ಹುಡುಗಿಯರೂ ಬಿಳಿಯ ಅಂಗಿಯುಟ್ಟು ಕರಾಟೆ ಕಲಿಯಲು ಹೋಗುವುದನ್ನು ಕಾಣುತ್ತೇವೆ, ನೋಡಿದರೆ ಸಂತೋಷವಾಗುತ್ತದೆ. ತಂದೆತಾಯಿಗಳು ಗುರುವಿನ ಸೊಂಟದ ಬ್ಲ್ಯಾಕ್ ಬೆಲ್ಟನ್ನೂ ಗೋಡೆಯ ಕಪಾಟಿನಲ್ಲಿ ಸಾಲಾಗಿಟ್ಟ ಕಪ್ಪುಗಳನ್ನೂ ನೋಡಿ ಮಕ್ಕಳನ್ನು ಒಪ್ಪಿಸಿ ಬರುವರು. ನಾನು ಅವರಿಗೆ ಹೇಳುವುದು ಇಷ್ಟು: ಒಂದು ವಾರ ಮೂಲೆಯಲ್ಲಿ ಕುಳಿತು ನೋಡಿರಿ. ಮಗುವೊಂದು ನೋವೆಂದಾಗ ಗುರು ಏನು ಮಾಡುತ್ತಾನೆ? ಇದು ಹೀಗೇಕೆ ಎಂದು ಕೇಳಿದ ಹುಡುಗಿಗೆ ವಿವರಣೆ ದೊರೆಯುತ್ತದೆಯೋ, ಶಿಕ್ಷೆಯಾಗಿ ಬಸ್ಕಿ ದೊರೆಯುತ್ತದೆಯೋ? ತಾನೇ ತೋರಿಸಿದ ವರಸೆ ತಪ್ಪಿದಾಗ ಅವನು ನಿಂತು, ತಪ್ಪಿತು, ಇನ್ನೊಮ್ಮೆ ನೋಡಿರಿ ಎನ್ನುತ್ತಾನೆಯೋ, ಎದುರಿಗೆ ನಿಂತ ಮಗುವನ್ನು ಸರಿಯಾಗಿ ನಿಲ್ಲಲಿಲ್ಲವೆಂದು ಗದರುತ್ತಾನೆಯೋ? ಬೆಳೆಯುವ ಎಲುಬಿನ ಮೇಲೆ, ಕತ್ತಿನ ಮೇಲೆ, ಹೆಗಲ ಕೀಲಿನ ಮೇಲೆ ಈ ಗುರುವಿನ ಕೈ ದಿನವೂ ಇರುತ್ತದೆ. ಎಂದೂ ತಪ್ಪದವನ ಕೈಯಲ್ಲಿ ಮಗುವನ್ನು ಇಡಬೇಕೆಂದರೆ ಅಂಥ ಗುರು ಭೂಮಿಯಲ್ಲಿ ಸಿಕ್ಕುವುದಿಲ್ಲ. ತಪ್ಪಿದ ಕೂಡಲೇ ನಿಲ್ಲಿಸುವವನು ಹುಡುಕಿದರೆ ಸಿಕ್ಕುತ್ತಾನೆ.

ಮುಳಬಾಗಿಲಿನ ಕಡೆ ಹೋದಾಗ ಆವನಿಯ ಬೆಟ್ಟವನ್ನು ಹತ್ತುವುದು ನನ್ನ ರೂಢಿ. ಲವಕುಶರು ಹುಟ್ಟಿದ್ದು ಅಲ್ಲಿಯೆಂದು ಸೀಮೆಯವರ ನಂಬಿಕೆ; ಕೆಳಗೆ ನೊಳಂಬರ ಕಾಲದ ಗುಡಿಗಳು ರಾಮನ ಹೆಸರಿನಲ್ಲಿ, ಅವನ ತಮ್ಮಂದಿರ ಹೆಸರಿನಲ್ಲಿ ಸಾಲಾಗಿ ನಿಂತಿವೆ. ಯಜ್ಞದ ಕುದುರೆಯನ್ನು ಕಟ್ಟಿ ರಾಮನ ಸೇನೆಯನ್ನು ಅಟ್ಟಿದ ಆ ಹುಡುಗರ ಕಥೆಯನ್ನು ಲಕ್ಷ್ಮೀಶನ ‘ಜೈಮಿನಿ ಭಾರತ’ದಿಂದ ನಾವೆಲ್ಲರೂ ಕೇಳಿ ಬೆಳೆದೆವು. ಅವರಿಗೆ ಬಿಲ್ಲನ್ನು ಕಲಿಸಿದ ವಾಲ್ಮೀಕಿಯು ಹಿಂದೆ ದಾರಿಹೋಕರನ್ನು ಸುಲಿಯುತ್ತಿದ್ದ ಬೇಡನೆಂದು ಜನ ಹೇಳುವರು. ಮಕ್ಕಳಿಗೆ ಅದು ತಿಳಿದಿತ್ತೆ? ತಿಳಿದಿತ್ತೆಂದೇ ನಾನು ಎಣಿಸುತ್ತೇನೆ. ತಾನು ಹಿಂದೆ ಬಿಲ್ಲನ್ನು ಯಾರ ಮೇಲೆ ಎತ್ತಿದ್ದೆನೆಂಬುದನ್ನು ಹೇಳದೆ, ಅದನ್ನು ಯಾರ ಮೇಲೆ ಎತ್ತಬಾರದೆಂಬುದನ್ನು ಅವನು ಹೇಗೆ ಕಲಿಸಿಯಾನು?

ನಮ್ಮ ಉಸ್ತಾದರ ಮಾತನ್ನು ಅರ್ಧಕ್ಕೆ ಬಿಟ್ಟೆ. ಮೂರು ಸಲ ಬಿದ್ದ ಆ ಸಂಜೆ ಅವರು ಬಾವಿಯಲ್ಲಿ ಕೈಕಾಲು ತೊಳೆದುಕೊಂಡು, ಅಂಗಿ ತೊಟ್ಟು, ಮನೆಗೆ ಹೋಗುವ ದಾರಿಯನ್ನು ಬಿಟ್ಟು ಕೆಳಗೇರಿಯ ಕಡೆಗೆ ನಡೆದರು. ನಾವಿಬ್ಬರು ಮೂವರು ಹಿಂದೆಯೇ ಹೋದೆವು. ಎರಡು ವರ್ಷದ ಹಿಂದೆ ಹೆಗಲು ತಪ್ಪಿ ಗರಡಿ ಬಿಟ್ಟ ಹುಡುಗನ ಮನೆಯ ಮುಂದೆ ನಿಂತು, “ಅಮ್ಮಾ” ಎಂದು ಕೂಗಿದರು. ಅವನ ತಾಯಿ ಹೊರಗೆ ಬಂದಳು. “ನಿನ್ ಮಗಂದು ತಪ್ಪಿರ್ಲಿಲ್ಲ ಕಣಮ್ಮ. ಸಾಮು ಮಾಡ್ತಿಲ್ಲ ಅಂತ ನಾನೇ ಬೈದಿದ್ದೆ. ನಾನು ಹೇಳ್ಕೊಟ್ಟಿದ್ದೇ ತಪ್ಪು. ಇವತ್ತು ಗೊತ್ತಾಯ್ತು” ಎಂದರು. ಆಕೆ ಒಂದು ಗಳಿಗೆ ಅವರ ಮುಖವನ್ನೇ ನೋಡಿದಳು. ಆಮೇಲೆ ಏನೂ ಹೇಳದೆ ಒಳಗೆ ಹೋಗಿ, ಒಂದು ಲೋಟ ಮಜ್ಜಿಗೆಯನ್ನು ತಂದು ಅವರ ಕೈಗೆ ಕೊಟ್ಟಳು. ಹುಡುಗ ಒಳಗಿನ ಗೋಡೆಗೆ ಒರಗಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಉಸ್ತಾದರು ಮಜ್ಜಿಗೆಯನ್ನು ಕುಡಿಯುವಾಗ, ಎಷ್ಟು ತೊಳೆದರೂ ಹೋಗದೆ ಮೀಸೆಯ ಒಂದು ಕೊನೆಯಲ್ಲಿ ಉಳಿದಿದ್ದ ಕೆಮ್ಮಣ್ಣು ನೆನೆದು ಲೋಟದ ಅಂಚಿಗೆ ಹತ್ತಿತು.